ನಡುಗಡ್ಡೆಯಲ್ಲಿ ಒಂದು ರಾತ್ರಿ: ಬಸ್ಸು, ರೈಲು, ದೋಣಿಯ ಲೆಕ್ಕ

(ಚಾರಣಾಸಕ್ತ ತರುಣರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಇಲ್ಲಿಗೆ ಕರೆದವರು ಕೊಟ್ಟ ವಿಷಯ ಬಹಳ ಸರಳವಾದದ್ದು. ಸ್ವಂತ ವಾಹನವಿಲ್ಲದೆ, ಕೈಗೆ ಹೊರೆಯಾಗದ ಖರ್ಚಿನಲ್ಲಿ ಒಂದು ದ್ವೀಪಕ್ಕೆ ಹೋಗಿ, ಅಲ್ಲಿ ಡೇರೆ ಹಾಕಿ, ಒಂದು ರಾತ್ರಿ ಕಳೆದು ಬರುವುದು ಹೇಗೆ ಎಂದು ನಾನು ಹೇಳಬೇಕು. ದ್ವೀಪ ಎಂದ ಕೂಡಲೇ ನಿಮ್ಮಲ್ಲಿ ಹಲವರಿಗೆ ಅಂಡಮಾನ್, ಲಕ್ಷದ್ವೀಪಗಳು ನೆನಪಾಗಿರಬಹುದು. ಅವುಗಳಿಗೆ ಹೋಗಲು ಹಡಗು ಬೇಕು, ಇಲ್ಲವೇ ವಿಮಾನ ಬೇಕು. ನಾನು ಹೇಳಹೊರಟಿರುವ ದ್ವೀಪಕ್ಕೆ ಒಂದು ರಾತ್ರಿಯ ರೈಲು, ಒಂದು ಹಳ್ಳಿಯ ಬಸ್ಸು, ಸ್ವಲ್ಪ ನಡಿಗೆ, ಒಂದು ದೋಣಿ ಇದ್ದರೆ ಸಾಕು. ಆದರೆ ಖರ್ಚಿನ ಲೆಕ್ಕಕ್ಕೆ ಮೊದಲು ಇನ್ನೊಂದು ಲೆಕ್ಕವಿದೆ. ಅದನ್ನು ಒಪ್ಪಿಸಿ ಆಮೇಲೆ ಇದಕ್ಕೆ ಬರುತ್ತೇನೆ.

ಮೊದಲು ಪದದಿಂದಲೇ ಆರಂಭಿಸೋಣ. 'ದ್ವೀಪ' ಎಂಬುದು ಸಂಸ್ಕೃತದಿಂದ ಬಂದ ಮಾತು. ಎರಡೂ ಕಡೆ ನೀರುಳ್ಳದ್ದು ಎಂಬುದು ಅದರ ಮೂಲಾರ್ಥ. ನಮ್ಮದೇ ಮಾತು 'ನಡುಗಡ್ಡೆ'. ಉಡುಪಿ, ಮಂಗಳೂರಿನ ಕಡೆ ನದಿಯ ನಡುವಿನ ನೆಲವನ್ನು 'ಕುದ್ರು' ಎನ್ನುತ್ತಾರೆ. ಉತ್ತರ ಕನ್ನಡದಲ್ಲಿ 'ಕುರ್ವೆ' ಎಂಬ ಮಾತಿದೆ. ಅಘನಾಶಿನಿಯ ನಡುವೆ ಐಗಳಕುರ್ವೆ ಎಂಬ ಊರೇ ಇದೆ. ಇಷ್ಟೊಂದು ಮಾತುಗಳು ಸುಮ್ಮನೆ ಹುಟ್ಟುವುದಿಲ್ಲ. ನೀರಿನ ನಡುವೆ ಬದುಕುವುದು ಈ ನಾಡಿನ ಜನರಿಗೆ ಹೊಸದೇನಲ್ಲ. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರೆಲ್ಲ ಒಂದು ದ್ವೀಪವನ್ನು ದಾಟಿಯೇ ಹೋಗುತ್ತಾರೆ. ಶ್ರೀರಂಗಪಟ್ಟಣ ಕಾವೇರಿಯ ನಡುಗಡ್ಡೆ ಎಂಬುದು ಕಿಟಕಿಯ ಪಕ್ಕ ಕುಳಿತು ನಿದ್ದೆ ಮಾಡುವವರಿಗೆ ತಿಳಿಯುವುದಿಲ್ಲ, ಅಷ್ಟೆ.

ಆದರೆ ಎಲ್ಲ ದ್ವೀಪಗಳಲ್ಲೂ ರಾತ್ರಿ ಉಳಿಯಲಾಗದು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳನ್ನೇ ನೋಡಿ. ಕಂಬಗಳನ್ನು ಜೋಡಿಸಿಟ್ಟಂತೆ ಕಾಣುವ ಅಲ್ಲಿನ ಜ್ವಾಲಾಮುಖಿ ಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿವೆ. ಉಡುಪಿಯಿಂದ ಮಲ್ಪೆಗೆ ಬಸ್ಸು, ಮಲ್ಪೆಯಿಂದ ದೋಣಿ. ಹಗಲಿನ ಪ್ರವಾಸಕ್ಕೆ ಇದಕ್ಕಿಂತ ಅಗ್ಗದ ದ್ವೀಪ ಬೇರೆ ಸಿಗಲಾರದು. ಆದರೆ ಸಂಜೆಯ ದೋಣಿಗೆ ಎಲ್ಲರೂ ಹಿಂದಿರುಗಲೇಬೇಕು, ಮಳೆಗಾಲದಲ್ಲಿ ದೋಣಿಯೇ ಇಲ್ಲ. ಕುಶಾಲನಗರದ ಹತ್ತಿರದ ಕಾವೇರಿ ನಿಸರ್ಗಧಾಮಕ್ಕೆ ಮೈಸೂರು–ಮಡಿಕೇರಿ ಬಸ್ಸಿನಿಂದ ಇಳಿದು, ತೂಗುಸೇತುವೆಯ ಮೇಲೆ ನಡೆದೇ ಹೋಗಬಹುದು. ಅದು ಚೆಲುವಾದ ಬಿದಿರ ತೋಪು. ಆದರೆ ಬಯಲಲ್ಲಿ ಬಿಡಾರ ಹೂಡುವ ಜಾಗವಲ್ಲ.

ಉಳಿದದ್ದು ಶರಾವತಿಯ ಹಿನ್ನೀರು. ಸಾಗರ ತಾಲ್ಲೂಕಿನ ಹೊನ್ನೆಮರಡು ಎಂಬಲ್ಲಿ ಹರಿಗೋಲು ಮತ್ತು ದೋಣಿಯ ವಿದ್ಯೆ ಕಲಿಸಿ, ಎದುರಿನ ನಡುಗಡ್ಡೆಯಲ್ಲಿ ಶಿಬಿರ ಹಾಕಿಸುವ ಪರಿಪಾಠ ಹಲವು ವರ್ಷ ನಡೆದುಬಂದಿದೆ. ನಾನು ಮೇಷ್ಟರ ಕೆಲಸದಲ್ಲಿದ್ದಾಗ ಮಕ್ಕಳನ್ನು ಕರೆದುಕೊಂಡು ಹೋದದ್ದು ಆ ಕಡೆಗೇ.

ಗುಡ್ಡಗಳು ದ್ವೀಪಗಳಾದ ಬಗೆ

ಹಾಗೆ ಹೋದ ಮೊದಲ ಸಲದ ಒಂದು ಮಾತು ಹೇಳುತ್ತೇನೆ. ಡೇರೆಗಳನ್ನು ನಿಲ್ಲಿಸಿ, ಮಕ್ಕಳು ಕುಣಿದಾಡುತ್ತಿದ್ದರು. ನಮ್ಮ ದೋಣಿಯ ಜೊತೆಗೆ ಬಂದಿದ್ದ ಹಿರಿಯರೊಬ್ಬರು ಬಂಡೆಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಹುಡುಗನೊಬ್ಬ ಅವರ ಹತ್ತಿರ ಹೋಗಿ, "ಅಜ್ಜ, ನೀವು ಈ ದ್ವೀಪಕ್ಕೆ ಚಿಕ್ಕಂದಿನಲ್ಲಿ ಬರುತ್ತಿದ್ದಿರಾ?" ಎಂದು ಕೇಳಿದ. ಅವರು ನಕ್ಕರು. "ಬರ್ತಿದ್ದೆ ಮಾರಾಯ. ಆದ್ರೆ ಆಗ ಇದು ದ್ವೀಪ ಅಲ್ಲ, ನಮ್ಮ ದನ ಮೇಯಿಸೋ ಗುಡ್ಡ" ಎಂದರು. ಮನೆ ಎಲ್ಲಿತ್ತು ಎಂದು ಕೇಳಿದಾಗ ಅವರು ಕೈ ತೋರಿಸಿದ್ದು ದೂರಕ್ಕಲ್ಲ, ಕೆಳಕ್ಕೆ, ನೀರಿನ ಒಳಕ್ಕೆ.

ಈ ದ್ವೀಪಗಳನ್ನು ಪ್ರಕೃತಿ ಮಾಡಿದ್ದಲ್ಲ. ಮಾಡಿದ್ದು ನಾವು, ದೀಪಕ್ಕಾಗಿ. ಜೋಗದ ನೀರಿನಿಂದ ವಿದ್ಯುತ್ತು ತೆಗೆಯಬೇಕೆಂದು ಮೈಸೂರು ಸಂಸ್ಥಾನ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿಸಿತು. ಅದರ ನೀರಿನಿಂದ 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಆರಂಭಿಸಿತು. ಅದಕ್ಕೀಗ ಮಹಾತ್ಮ ಗಾಂಧಿಯವರ ಹೆಸರಿದೆ. ನಾಡು ಬೆಳೆಯಿತು, ಕಾರ್ಖಾನೆಗಳು ಬಂದವು, ಆ ವಿದ್ಯುತ್ತು ಸಾಲದಾಯಿತು. ಹೊಳೆಯ ಕೆಳದಿಕ್ಕಿನಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಅದು ಮುಗಿದದ್ದು 1964ರಲ್ಲಿ. ಎರಡೂಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ಕಟ್ಟೆ. ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಹೊಸ ಕಟ್ಟೆಯ ನೀರು ಹಿಂದೆ ಹಿಂದೆ ಸರಿದು, ಹಳೆಯ ಹಿರೇಭಾಸ್ಕರ ಅಣೆಕಟ್ಟನ್ನೇ ನುಂಗಿಬಿಟ್ಟಿತು. ಒಂದು ಅಣೆಕಟ್ಟು ಇನ್ನೊಂದು ಅಣೆಕಟ್ಟಿನಲ್ಲಿ ಮುಳುಗಿದ ವಿಚಿತ್ರವನ್ನು ನೀವು ಬೇರೆಲ್ಲಿ ನೋಡುತ್ತೀರಿ? ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದ ವರ್ಷಗಳಲ್ಲಿ ಆ ಹಳೆಯ ಕಟ್ಟೆ ಇಡಿಯಾಗಿ ಮೇಲೆದ್ದು ಬರುತ್ತದೆ. ಜನ ಅದರ ಮೇಲೆ ನಡೆದಾಡುತ್ತಾರೆ.

ಅಣೆಕಟ್ಟೇ ಮುಳುಗಿದ ಮೇಲೆ ಊರುಗಳ ಪಾಡು ಹೇಳಬೇಕೆ? ಸಾಗರ, ಹೊಸನಗರ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ನೀರು ತಟ್ಟಿತು. ಮಲೆನಾಡಿನ ಊರು ಎಂದರೆ ಕಣಿವೆಯ ಊರು. ಗದ್ದೆ, ಅಡಕೆ ತೋಟ, ಮನೆ, ದೇವಸ್ಥಾನ ಎಲ್ಲವೂ ಕೆಳಗೆ ನೀರಿನ ಹತ್ತಿರ. ಗುಡ್ಡದ ನೆತ್ತಿ ದನಕ್ಕೆ, ಸೊಪ್ಪಿಗೆ. ನೀರು ಏರಿದಾಗ ಮೊದಲು ಹೋದದ್ದು ಅತ್ಯುತ್ತಮ ನೆಲ. ಉಳಿದದ್ದು ಗುಡ್ಡದ ನೆತ್ತಿ. ನಾವು ಇಂದು ದ್ವೀಪಗಳೆಂದು ಕರೆದು, ಚಿತ್ರ ತೆಗೆದುಕೊಂಡು ಸಂತೋಷಪಡುವುದು ಆ ನೆತ್ತಿಗಳನ್ನೇ. ದಡದ ಹತ್ತಿರ ನೀರಿನಲ್ಲಿ ನಿಂತಿರುವ ಒಣ ಮರಗಳು ಬಹಳ ಸುಂದರವಾಗಿ ಕಾಣುತ್ತವೆ. ಅವು ನಿಂತಲ್ಲೇ ಸತ್ತ ಕಾಡು.

ಸಂತ್ರಸ್ತರಿಗೆ ಬೇರೆ ಕಡೆ ನೆಲ ಕೊಟ್ಟರು. ಎಷ್ಟೋ ಕಡೆ ಅದು ಅರಣ್ಯದ ನೆಲ. ಆರು ದಶಕಗಳು ಕಳೆದರೂ ಆ ನೆಲದ ಹಕ್ಕುಪತ್ರದ ತೊಡಕು ಪೂರ್ತಿಯಾಗಿ ಬಿಡಿಸಿಲ್ಲ. ನಾಡಿಗೆ ಬೆಳಕು ಕೊಟ್ಟ ಹಿನ್ನೀರಿನ ಹಳ್ಳಿಗಳಲ್ಲಿ ಎಷ್ಟಕ್ಕೋ ವಿದ್ಯುತ್ತು ಬರಲು ದಶಕಗಳೇ ಹಿಡಿದವು. ನಾ. ಡಿಸೋಜ ಅವರ 'ದ್ವೀಪ' ಕಾದಂಬರಿಯನ್ನು ನಿಮ್ಮಲ್ಲಿ ಕೆಲವರು ಓದಿರಬಹುದು. ಗಿರೀಶ ಕಾಸರವಳ್ಳಿಯವರು ಅದನ್ನು 2002ರಲ್ಲಿ ಚಿತ್ರವಾಗಿ ತಂದರು. ಏರುವ ನೀರಿನ ನಡುವೆ ನೆಲ ಬಿಡಲಾರದೆ ಉಳಿದ ಒಂದು ಕುಟುಂಬದ ಕಥೆ ಅದು. 2025ರ ಜನವರಿಯಲ್ಲಿ ತೀರಿಕೊಂಡ ಡಿಸೋಜ ಅವರು ಸಾಗರದವರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಪ್ರದೇಶದಲ್ಲೇ ದುಡಿದವರು. ಕಂಡದ್ದನ್ನೇ ಬರೆದರು. ದ್ವೀಪಕ್ಕೆ ಹೊರಡುವವರು ಚೀಲದಲ್ಲಿ ಒಂದು ಪುಸ್ತಕ ಇಟ್ಟುಕೊಳ್ಳುವುದಾದರೆ ಅದು ಇದೇ ಆಗಲಿ ಎಂದು ನಾನು ಹೇಳುತ್ತೇನೆ.

ಕೊನೆಯ ಲಾಂಚ್

ನೀರು ರಸ್ತೆಗಳನ್ನೂ ಮುಳುಗಿಸಿತು. ಆಚೆ ದಡದ ತುಮರಿ, ಬ್ಯಾಕೋಡು ಮುಂತಾದ ಊರುಗಳ ಜನ ತಮ್ಮ ತಾಲ್ಲೂಕು ಕೇಂದ್ರವಾದ ಸಾಗರಕ್ಕೆ ಬರಬೇಕಾದರೆ, ಒಂದೋ ಗಂಟೆಗಟ್ಟಲೆ ಸುತ್ತುದಾರಿ ಹಿಡಿಯಬೇಕು, ಇಲ್ಲವೇ ನೀರು ದಾಟಬೇಕು. ಭೂಗೋಳದ ಪುಸ್ತಕದ ಪ್ರಕಾರ ಅದು ದ್ವೀಪವಲ್ಲ, ಬೆನ್ನ ಹಿಂದೆ ಘಟ್ಟದ ನೆಲವಿದೆ. ಆದರೂ ಅಲ್ಲಿನ ಜನ ತಮ್ಮ ಸೀಮೆಯನ್ನು ದ್ವೀಪವೆಂದೇ ಕರೆದರು. ದ್ವೀಪ ಎಂಬುದು ನೆಲದ ಆಕಾರವಲ್ಲ, ಅದು ಬದುಕಿನ ಸ್ಥಿತಿ ಎಂಬುದನ್ನು ಅವರಷ್ಟು ಬಲ್ಲವರು ಇಲ್ಲ.

ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸರ್ಕಾರದ ಲಾಂಚ್ ಓಡತೊಡಗಿತು. ಈಚೆ ದಡದ ಆ ಜಾಗಕ್ಕೆ ಹೊಳೆಬಾಗಿಲು ಎಂದು ಹೆಸರು. ಹೊಳೆಗೊಂದು ಬಾಗಿಲು! ಎಂಥ ಅರ್ಥಪೂರ್ಣ ಹೆಸರು ನೋಡಿ. ಏಕೆಂದರೆ ಬಾಗಿಲು ತೆರೆಯುವ ಹೊತ್ತಿದ್ದ ಹಾಗೆ ಮುಚ್ಚುವ ಹೊತ್ತೂ ಇತ್ತು. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಬಾಗಿಲು ಮುಚ್ಚಿತು. ಜನ, ದನ, ಅಡಕೆ ಮೂಟೆ, ಮದುವೆಯ ದಿಬ್ಬಣ, ಸಿಗಂದೂರಿನ ಭಕ್ತರು, ಕೊನೆಗೆ ಇಡೀ ಬಸ್ಸು, ಎಲ್ಲವನ್ನೂ ಹೊತ್ತು ಆ ಲಾಂಚ್ ದಾಟಿಸುತ್ತಿತ್ತು.

ಒಮ್ಮೆ ನಮ್ಮ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ನಾವು ಹೊಳೆಬಾಗಿಲು ತಲುಪುವ ಹೊತ್ತಿಗೆ ಕೊನೆಯ ಲಾಂಚ್ ನೀರಿನ ನಡುವೆ ಒಂದು ಚುಕ್ಕೆಯಾಗಿತ್ತು. ಚಹಾದಂಗಡಿಯವರು ಕರುಣೆಯಿಂದ ತಮ್ಮ ಜಗುಲಿಯನ್ನು ನಮಗೆ ಬಿಟ್ಟುಕೊಟ್ಟರು. ಹುಡುಗರಿಗೆ ಅದೊಂದು ದೊಡ್ಡ ಸಾಹಸ. ಬೆಳದಿಂಗಳು, ತೆರೆಯ ಸದ್ದು, ಬಿಸಿ ಅವಲಕ್ಕಿ. ಮಧ್ಯರಾತ್ರಿಯ ಸುಮಾರಿಗೆ ಆಚೆ ದಡದಲ್ಲಿ ಜೀಪೊಂದರ ದೀಪ ಎರಡು ಮೂರು ಸಲ ಹೊತ್ತಿ ಆರಿತು. ಅಂಗಡಿಯವರು ಎದ್ದು ಕುಳಿತು, "ಯಾರಿಗೋ ಹುಷಾರಿಲ್ಲ" ಎಂದರು. ಲಾಂಚಿನವರನ್ನು ಎಬ್ಬಿಸಲು ಯಾರೋ ಓಡಿದರು. ಎಂಜಿನ್ನಿನ ಸದ್ದು ಕೇಳಿತು, ಹೋಯಿತು, ಬಹಳ ಹೊತ್ತಿನ ಮೇಲೆ ಮರಳಿ ಬಂತು. ಕಂಬಳಿ ಹೊದಿಸಿದ ಯಾರನ್ನೋ ಹೊತ್ತ ಜೀಪು ನಮ್ಮ ಮುಂದೆಯೇ ಸಾಗರದ ಕಡೆಗೆ ಹೋಯಿತು. ಅಂಗಡಿಯವರು ಮತ್ತೆ ಮಲಗುತ್ತ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ನಿಮಗೆ ಇದು ಒಂದು ರಾತ್ರಿ ಮೇಷ್ಟ್ರೆ. ಆಚೆಯವರಿಗೆ ದಿನಾ ರಾತ್ರಿ ಇದೇ."

2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಉಕ್ಕಿನ ಹಗ್ಗಗಳು ಎತ್ತಿಹಿಡಿದ, ಸುಮಾರು 2.44 ಕಿಲೋಮೀಟರ್ ಉದ್ದದ ಸೇತುವೆ. ಲಾಂಚಿನ ಪ್ರಯಾಣದ ಸೊಗಸು ಹೋಯಿತಲ್ಲ ಎಂದು ಪೇಟೆಯ ನನ್ನ ಕೆಲವು ಮಿತ್ರರು ಪೇಚಾಡಿದರು. ನನಗೂ ಒಂದು ಕ್ಷಣ ಹಾಗೆನಿಸಿದ್ದು ಸುಳ್ಳಲ್ಲ. ಆದರೆ ಆ ಜೀಪಿನ ದೀಪ ನೆನಪಾಯಿತು. ನಮ್ಮ ವಿರಾಮದ ಸೊಗಸಿಗಾಗಿ ಇನ್ನೊಬ್ಬರು ದಡದಲ್ಲಿ ಕಾಯುತ್ತಿರಬೇಕು ಎಂದು ಬಯಸುವುದು ನ್ಯಾಯವಲ್ಲ. ಅವರಿಗೆ ಸೇತುವೆ ಬಂದದ್ದು ಒಳ್ಳೆಯದಾಯಿತು, ಬರುವುದು ತಡವಾಯಿತು ಎಂಬುದೇ ಬೇಸರ.

ತಿಂಗಳು, ನೀರು, ಅಪ್ಪಣೆ

ಈಗ ಖರ್ಚಿನ ಲೆಕ್ಕಕ್ಕೆ ಬರುತ್ತೇನೆ. ಯೋಜನೆಯ ಮೊದಲ ಪ್ರಶ್ನೆ 'ಎಷ್ಟು ಹಣ' ಎಂಬುದಲ್ಲ, 'ಯಾವ ತಿಂಗಳು' ಎಂಬುದು. ಹಿನ್ನೀರಿನ ದ್ವೀಪಕ್ಕೆ ಕಾಲದ ಹಂಗಿದೆ. ಮುಂಗಾರಿನಲ್ಲಿ ತುಂಬುವ ಜಲಾಶಯ ಬೇಸಿಗೆಯ ಹೊತ್ತಿಗೆ ಐವತ್ತು ಅಡಿಗೂ ಹೆಚ್ಚು ಇಳಿಯುವುದುಂಟು. ಅಕ್ಟೋಬರಿನಲ್ಲಿ ದೋಣಿಯಲ್ಲಿ ಮುಟ್ಟಿದ ದ್ವೀಪಕ್ಕೆ ಏಪ್ರಿಲಿನಲ್ಲಿ ಕೆಸರು ತುಳಿದು ನಡೆದೇ ಹೋಗಬೇಕಾದೀತು! ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಮಳೆ ನಿಂತಿರುತ್ತದೆ, ನೀರು ಇನ್ನೂ ಇರುತ್ತದೆ, ರಾತ್ರಿ ಚಳಿ ಇರುತ್ತದೆ. ನೀರು ಎಷ್ಟಿದೆ ಎಂದು ತಿಳಿಯಲು ಎಲ್ಲಿಗೂ ಹೋಗಬೇಕಾಗಿಲ್ಲ. ಮಳೆಗಾಲದುದ್ದಕ್ಕೂ ಪತ್ರಿಕೆಯ ಮೂಲೆಯಲ್ಲಿ ಜಲಾಶಯಗಳ ಮಟ್ಟ ಅಚ್ಚಾಗುತ್ತದೆ. ಲಿಂಗನಮಕ್ಕಿಯ ಎದುರು 1,819ಕ್ಕೆ ಎಷ್ಟು ಕಡಿಮೆ ಇದೆ ಎಂದು ನೋಡಿಟ್ಟುಕೊಳ್ಳಿ. ರೈತರೂ ಎಂಜಿನಿಯರರೂ ಓದುವ ಆ ಪುಟ್ಟ ಪಟ್ಟಿಯನ್ನು ಪ್ರವಾಸಿಯೂ ಓದಲು ಕಲಿಯಬೇಕು.

ಎರಡನೆಯದು ಅಪ್ಪಣೆ. ನೀರಿನ ನಡುವೆ ಕಂಡ ಗುಡ್ಡವೆಲ್ಲ ಯಾರದೂ ಅಲ್ಲದ ನೆಲ ಎಂದು ತಿಳಿಯಬೇಡಿ. ಜಲಾಶಯ ಕರ್ನಾಟಕ ವಿದ್ಯುತ್ ನಿಗಮದ ಆಡಳಿತದ್ದು. ಸುತ್ತಲಿನ ಕಾಡಿನ ದೊಡ್ಡ ಭಾಗ ಶರಾವತಿ ಕಣಿವೆ ಅಭಯಾರಣ್ಯ. ಅದನ್ನು 2019ರಲ್ಲಿ ವಿಸ್ತರಿಸಿ ಸಿಂಗಳೀಕಗಳ ಅಭಯಾರಣ್ಯವೆಂದು ಹೆಸರಿಸಿದ್ದಾರೆ. ಸಿಂಗಳೀಕ ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಬದುಕದ ಪ್ರಾಣಿ. ಆದ್ದರಿಂದ ಮನಬಂದ ಗುಡ್ಡದಲ್ಲಿ ಡೇರೆ ಹೊಡೆಯುವುದು ಅಪರಾಧವಾದೀತು. ಹೊರಡುವ ಕೆಲವು ವಾರ ಮೊದಲೇ ಅಲ್ಲಿನ ಶಿಬಿರ ನಡೆಸುವವರನ್ನೂ ಸಾಗರದ ಅರಣ್ಯ ಇಲಾಖೆಯ ಕಚೇರಿಯನ್ನೂ ವಿಚಾರಿಸಿ, ಆ ಋತುವಿನಲ್ಲಿ ಯಾವ ನಡುಗಡ್ಡೆಗೆ ಅಪ್ಪಣೆ ಇದೆ ಎಂದು ತಿಳಿದುಕೊಳ್ಳಿ. ಎಲ್ಲಿಗೂ ಅಪ್ಪಣೆ ಸಿಗದಿದ್ದರೆ ಕಾರ್ಗಲ್ ಬಳಿಯ ಮುಪ್ಪಾನೆಯಲ್ಲಿ, ಹಿನ್ನೀರಿನ ದಡದಲ್ಲೇ, ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ದಡದಿಂದ ದ್ವೀಪವನ್ನು ನೋಡಿ ಬಂದವರೂ ಏನನ್ನೂ ಕಳೆದುಕೊಂಡಿರುವುದಿಲ್ಲ.

ದಾರಿ ಮತ್ತು ಖರ್ಚು

ಆರು ಜನರ ತಂಡ ಎಂದು ಇಟ್ಟುಕೊಳ್ಳೋಣ. ಆರು ಏಕೆಂದರೆ ಮೂವರು ಮಲಗುವ ಎರಡು ಡೇರೆ ಸಾಕಾಗುತ್ತದೆ, ಒಂದು ಆಟೋ ಬೇಕಾದರೆ ಎರಡು ಸಲಕ್ಕೆ ಮುಗಿಯುತ್ತದೆ, ಒಂದೇ ಪಾತ್ರೆಯಲ್ಲಿ ಅನ್ನ ಬೇಯುತ್ತದೆ. ಜನ ಹತ್ತನ್ನು ಮೀರಿದರೆ ಅದು ಶಿಬಿರವಲ್ಲ, ಜಾತ್ರೆ.

ಶುಕ್ರವಾರ ರಾತ್ರಿ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ತಾಳಗುಪ್ಪದ ರೈಲು ಹತ್ತಿ. ಬೆಳಿಗ್ಗೆ ಹಳಿ ಮುಗಿಯುವ ಕಡೆ ಇಳಿಯುತ್ತೀರಿ. ತಾಳಗುಪ್ಪದ ಮುಂದೆ ರೈಲಿಲ್ಲ. ಸಂಸ್ಥಾನದ ಕಾಲದ ಮೀಟರ್‌ಗೇಜ್ ಹಳಿಯಿದು. ಬಸ್ಸಿನ ಮೈಯೂ ರೈಲಿನ ಗಾಲಿಯೂ ಇದ್ದ 'ರೈಲುಬಸ್ಸು' ಒಂದು ಕಾಲದಲ್ಲಿ ಇಲ್ಲಿ ಓಡಾಡುತ್ತಿದ್ದುದನ್ನು ಹಿರಿಯರು ನೆನೆಯುತ್ತಾರೆ. 2011ರಲ್ಲಿ ಬ್ರಾಡ್‌ಗೇಜ್ ತಾಳಗುಪ್ಪವನ್ನು ಮುಟ್ಟಿತು. ಸ್ಲೀಪರ್ ದರ್ಜೆಯ ಟಿಕೆಟ್ಟನ್ನು 60 ದಿನ ಮುಂಚಿನಿಂದ ಕಾದಿರಿಸಬಹುದು. ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು ರಾತ್ರಿ ರೈಲಿನಲ್ಲೇ ಮಲಗುವುದರಿಂದ ವಸತಿಯ ಖರ್ಚು ಉಳಿಯಿತು. ನಡುವಿನ ರಾತ್ರಿಗೆ ಡೇರೆ ಇದೆ. ಎರಡು ಹಗಲಿಗೆ ಮೂರು ರಾತ್ರಿ, ಲಾಡ್ಜಿನ ಬಾಡಿಗೆ ಸೊನ್ನೆ. ಅಗ್ಗದ ಪ್ರವಾಸದ ಗುಟ್ಟು ಇಷ್ಟೇ.

ತಾಳಗುಪ್ಪದಿಂದ ಜೋಗದ ಕಡೆಗೆ ಹೋಗುವ ಬಸ್ಸು ಹತ್ತಿ, ಹೊನ್ನೆಮರಡಿನ ಕೈಮರದ ಬಳಿ ಇಳಿದು, ಎಡಕ್ಕೆ ಒಳಗೆ ಹೋಗುವ ದಾರಿಯಲ್ಲಿ ನಡೆಯಿರಿ. ಬೆನ್ನಿನ ಚೀಲ ಹಗುರವಾಗಿದ್ದರೆ ಬೆಳಗಿನ ತಂಪಿನಲ್ಲಿ ಅದು ಸುಖದ ನಡಿಗೆ. ಭಾರವಾಗಿದ್ದರೆ ತಾಳಗುಪ್ಪದಲ್ಲೇ ಆಟೋ ಮಾತಾಡಿಕೊಳ್ಳಿ. ಆ ಸೀಮೆಯಲ್ಲಿ ಖಾಸಗಿ ಬಸ್ಸುಗಳ ಓಡಾಟವೇ ಹೆಚ್ಚು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ಮಹಿಳೆಯರಿಗೆ ಉಚಿತ ಪ್ರಯಾಣವಿರುವುದು ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಮಾತ್ರ ಎಂಬುದನ್ನು ಲೆಕ್ಕದಲ್ಲಿಡಿ. ಬಸ್ಸಿನ ವೇಳೆಯನ್ನು ಬೆಂಗಳೂರಿನಲ್ಲಿ ಕುಳಿತು ನಿಶ್ಚಯಿಸಬೇಡಿ. ಇಳಿದ ಊರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೇಳಿ. ಭಾನುವಾರ ಯಾವ ಬಸ್ಸು ಬರುವುದಿಲ್ಲ ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ.

ಒಂದು ನಿಯಮವನ್ನು ಮಾತ್ರ ಬರೆದಿಟ್ಟುಕೊಳ್ಳಿ. ಯೋಜನೆಯನ್ನು ಯಾವಾಗಲೂ ಹಿಂದಿನಿಂದ ಹಾಕಬೇಕು. ಭಾನುವಾರ ರಾತ್ರಿಯ ರೈಲು ಎಷ್ಟು ಹೊತ್ತಿಗೆ? ಅದಕ್ಕೆ ಮುಟ್ಟಿಸುವ ಬಸ್ಸು ಯಾವುದು? ಆ ಬಸ್ಸಿನ ಹಿಂದಿನ ಬಸ್ಸು ಯಾವುದು? ಆ ಹಿಂದಿನ ಬಸ್ಸೇ ನಿಮ್ಮದು, ಕೊನೆಯದ್ದಲ್ಲ. ಕೊನೆಯ ಬಸ್ಸು ಆಪತ್ತಿಗೆಂದು ಇರಲಿ. ಹೊಳೆಬಾಗಿಲಿನ ಜಗುಲಿ ನನಗೆ ಕಲಿಸಿದ ಪಾಠವಿದು. ಮಧ್ಯಾಹ್ನದೊಳಗೆ ಡೇರೆ ಕಿತ್ತರೆ ಜೋಗಕ್ಕೆ ಹೋಗಿ, 253 ಮೀಟರ್ ಎತ್ತರದಿಂದ ನೀರು ಬೀಳುವುದನ್ನೋ, ಲಿಂಗನಮಕ್ಕಿಯ ಬಾಗಿಲು ಮುಚ್ಚಿರುವುದರಿಂದ ಬಂಡೆಯ ಮೇಲೆ ಎಳೆಎಳೆಯಾಗಿ ಇಳಿಯುವುದನ್ನೋ ನೋಡಿ, ತಾಳಗುಪ್ಪಕ್ಕೆ ಮರಳಲು ಹೊತ್ತಿರುತ್ತದೆ.

ಖರ್ಚನ್ನು ಐದು ಬಾಬುಗಳಲ್ಲಿ ಬರೆಯಿರಿ: ರೈಲು, ಬಸ್ಸು ಅಥವಾ ಆಟೋ, ದೋಣಿ ಮತ್ತು ಶಿಬಿರದ ಶುಲ್ಕ, ಊಟ, ಡೇರೆಯ ಬಾಡಿಗೆ. ಇವುಗಳಲ್ಲಿ ಕಡಿತ ಮಾಡಬಾರದ ಬಾಬು ಒಂದೇ, ದೋಣಿಯದು. ತೇಲುವ ಜಾಕೆಟ್ಟು ಇಲ್ಲದ ದೋಣಿಯನ್ನು ಅಗ್ಗವೆಂದು ಹತ್ತಬೇಡಿ. ಈಜು ಬರುತ್ತದೆಂದು ಧುಮುಕಬೇಡಿ. ನೀರಿನ ಕೆಳಗೆ ಮರದ ಬೊಡ್ಡೆಗಳಿವೆ, ದಡದಲ್ಲಿ ಕಾಲು ಹೂತುಹೋಗುವ ಕೆಸರಿದೆ. ಕೆರೆಯಲ್ಲಿ ಈಜಿದವನಿಗೆ ಹಿನ್ನೀರು ಗುರುತಿನದಲ್ಲ.

ಡೇರೆಯನ್ನು ಕೊಳ್ಳಬೇಕಾಗಿಲ್ಲ, ಚಾರಣದ ಸಾಮಾನು ಬಾಡಿಗೆಗೆ ಕೊಡುವವರು ದೊಡ್ಡ ಊರುಗಳಲ್ಲಿದ್ದಾರೆ. ಊಟಕ್ಕೆ ಪೇಟೆಯ ಡಬ್ಬಿ ತಿನಿಸು ಬೇಡ. ಹಿಂದೆ ಗಾಡಿಯಲ್ಲಿ ಯಾತ್ರೆ ಹೋಗುತ್ತಿದ್ದವರ ಬುತ್ತಿಯೇ ಈಗಲೂ ಸರಿ. ಅವಲಕ್ಕಿ, ಬೆಲ್ಲ, ಹುರಿಹಿಟ್ಟು, ಚಟ್ನಿಪುಡಿ, ಹುಣಸೆ ಗೊಜ್ಜು. ಇವು ಕೆಡುವುದಿಲ್ಲ, ತೂಗುವುದಿಲ್ಲ, ಬೆಂಕಿಯನ್ನೂ ಹೆಚ್ಚು ಬೇಡುವುದಿಲ್ಲ. ಒಂದು ಹೊತ್ತಿಗೆ ತಲೆಗೆ ನೂರು ಗ್ರಾಂ ಅಕ್ಕಿ ಎಂದು ಹಿಡಿದರೆ ಆರು ಜನರ ರಾತ್ರಿಯ ಅನ್ನಕ್ಕೆ ಮುಕ್ಕಾಲು ಕಿಲೋ ಧಾರಾಳ. ಕುಡಿಯುವುದಕ್ಕೂ ಅಡಿಗೆಗೂ ದಿನಕ್ಕೆ ತಲೆಗೆ ನಾಲ್ಕು ಲೀಟರ್ ನೀರು ಬೇಕು, ಎಂದರೆ ಆರು ಜನಕ್ಕೆ 24 ಲೀಟರ್. ಸುತ್ತ ಸಮುದ್ರದಂಥ ನೀರಿದ್ದರೂ ಅದನ್ನು ಚೆನ್ನಾಗಿ ಕುದಿಸದೆ ಕುಡಿಯಬೇಡಿ.

ಬೆಂಕಿಯ ವಿಷಯದಲ್ಲಿ ಒಂದು ಬಿನ್ನಹ. ಶಿಬಿರವೆಂದರೆ ಬೆಂಕಿ ಹಾಕಿ ಸುತ್ತ ಕುಳಿತು ಹಾಡುವುದು ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಜನವರಿಯ ಒಣಹುಲ್ಲಿನ ಗುಡ್ಡದಲ್ಲಿ ಒಂದು ಕಿಡಿ ಸಾಕು. ಸುತ್ತ ನೀರಿರುವುದರಿಂದ ಅಲ್ಲಿನ ಹಾವು, ಮೊಲಗಳಿಗೆ ಓಡಲೂ ದಾರಿಯಿಲ್ಲ. ಸಣ್ಣ ಒಲೆ ಒಯ್ಯಿರಿ, ಅನ್ನ ಬೆಂದ ಮೇಲೆ ಆರಿಸಿ. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಅಲ್ಲಿ ಕಾಣುವಷ್ಟು ನಕ್ಷತ್ರಗಳನ್ನು ಪೇಟೆಯಲ್ಲಿ ಬೆಳೆದ ನೀವು ನೋಡಿರಲಾರಿರಿ. ಯೋಚಿಸಿ ನೋಡಿ: ನಮ್ಮ ಪೇಟೆಯ ಆಕಾಶದ ನಕ್ಷತ್ರಗಳನ್ನು ಅಳಿಸಿದ ಬೆಳಕಿನಲ್ಲಿ ಒಂದು ಪಾಲು ಹುಟ್ಟಿದ್ದು ಇದೇ ನೀರಿನಿಂದ. ಒಯ್ದದ್ದೆಲ್ಲವನ್ನೂ ಮರಳಿ ತನ್ನಿ. ನೀವು ಬಿಟ್ಟುಬಂದ ಪ್ಲಾಸ್ಟಿಕ್ಕನ್ನು ಹೊತ್ತೊಯ್ಯಲು ಆ ಗುಡ್ಡಕ್ಕೆ ಯಾವ ನಗರಸಭೆಯೂ ಬರುವುದಿಲ್ಲ.

ಬೆಲೆ ತೆತ್ತವರು

ಕೊನೆಯದಾಗಿ ಒಂದು ಪ್ರಶ್ನೆ. ನಾಲ್ಕಾರು ಜನ ಸೇರಿ ಕಾರು ಮಾಡಿಕೊಂಡು ಹೋದರೆ ತಲೆಗೆ ಬೀಳುವ ಖರ್ಚು ಅಷ್ಟೇನೂ ಹೆಚ್ಚಾಗಲಿಕ್ಕಿಲ್ಲ, ಮತ್ತೆ ಈ ಬಸ್ಸು, ರೈಲಿನ ಪಾಡು ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ.

ನನ್ನ ಉತ್ತರ ಇಷ್ಟೆ. ಕಾರಿನಲ್ಲಿ ಹೋದವನು ಹಿನ್ನೀರನ್ನು ನೋಡುತ್ತಾನೆ. ಬಸ್ಸಿಗೆ ಕಾದವನು ಹಿನ್ನೀರಿನವರನ್ನು ನೋಡುತ್ತಾನೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹೆಂಗಸು ತಾಲ್ಲೂಕು ಕಚೇರಿಗೆ ಹೋಗುತ್ತಿರುತ್ತಾರೆ. ಮಡಿಲಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಹಳೆಯ ಕಾಗದಪತ್ರಗಳಿರುತ್ತವೆ. ಯಾವ ಕಾಗದ ಎಂದು ಕೇಳಿ ನೋಡಿ. ನೀವು ಡೇರೆ ಹಾಕಲಿರುವ ಗುಡ್ಡದ ಕೆಳಗಿನ ಗದ್ದೆಯ ಕಥೆ ಅದರಲ್ಲಿದ್ದೀತು. ಲಾಂಚಿಗೆ ಕಾದ ಆ ಒಂದು ರಾತ್ರಿ ಇಲ್ಲದಿದ್ದರೆ ನಾನೂ ಈ ದ್ವೀಪಗಳನ್ನು ದೇವರು ನೀರಿನಲ್ಲಿ ಬಿತ್ತಿದ ಪಚ್ಚೆಗಳು ಎಂದು ವರ್ಣಿಸಿ, ಚಪ್ಪಾಳೆ ಗಿಟ್ಟಿಸಿ ಹೋಗುತ್ತಿದ್ದೆನೇನೋ.

ಅಗ್ಗ ಎಂಬ ಮಾತನ್ನು ನಾವು ಸ್ವಲ್ಪ ಎಚ್ಚರಿಕೆಯಿಂದ ಬಳಸಬೇಕು. ನಮಗೆ ಯಾವುದಾದರೂ ಅಗ್ಗಕ್ಕೆ ಸಿಕ್ಕಿತು ಎಂದರೆ ಬಹುಮಟ್ಟಿಗೆ ಅದರ ಬೆಲೆಯನ್ನು ಇನ್ನೊಬ್ಬರು ಮೊದಲೇ ತೆತ್ತಿರುತ್ತಾರೆ. ಶರಾವತಿಯ ದ್ವೀಪಗಳ ಬೆಲೆಯನ್ನು ತೆತ್ತವರು ಆ ಕಣಿವೆಯ ಜನ. ತೆತ್ತದ್ದು ಗದ್ದೆ, ತೋಟ, ಮನೆ, ಅರವತ್ತು ವರ್ಷಗಳ ಸುತ್ತುದಾರಿ. ಅದನ್ನು ತೀರಿಸಲು ನಮ್ಮಿಂದಾಗದು. ತಿಳಿದುಕೊಂಡು ಹೋಗಲು, ನೆಲವನ್ನು ಕಂಡಂತೆಯೇ ಬಿಟ್ಟು ಬರಲು, ನಾಲ್ಕು ಕಾಸನ್ನು ಅಲ್ಲಿನ ಹೋಟೆಲಿನಲ್ಲಿ, ಅಲ್ಲಿನ ದೋಣಿಯವರ ಕೈಯಲ್ಲಿ ಖರ್ಚು ಮಾಡಲು ಆದೀತು.

ಅಂದು ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ ಆ ಹಿರಿಯರು ಹೊರಡುವ ಮುಂಚೆ ನಮ್ಮ ಡೇರೆಗಳ ಸುತ್ತ ಒಂದು ಸುತ್ತು ಬಂದರು. ಒಂದು ಡೇರೆಯ ಗೂಟವನ್ನು ಅಲ್ಲಾಡಿಸಿ ನೋಡಿ, ಸಡಿಲವಾಗಿದೆಯೆಂದು ಕಲ್ಲಿನಿಂದ ಬಡಿದು ಗಟ್ಟಿ ಮಾಡಿದರು. "ರಾತ್ರಿ ಗಾಳಿ ಪಡುವಣದಿಂದ ಬರ್ತದೆ, ಬಾಗಿಲು ಆಚೆಗೆ ತಿರುಗಿಸಿ" ಎಂದು ಹೇಳಿ ದೋಣಿ ಹತ್ತಿದರು. ತಮ್ಮ ಗುಡ್ಡಕ್ಕೆ ಬಂದ ನೆಂಟರನ್ನು ವಿಚಾರಿಸಿಕೊಳ್ಳುವ ಹಾಗಿತ್ತು ಆ ರೀತಿ. ನೀವು ಹೋದಾಗ ನೆಂಟರ ಹಾಗೆಯೇ ಹೋಗಿ ಬನ್ನಿ.